ಅಕ್ಕನ ಪ್ಲೇಟು ಹುಡುಕಿಕೊಂಡು ಡೆವೆಂಟರಿಗೆ

ಹೊರಡುವ ಮೊದಲು

ಹಾಲೆಂಡಿಗೆ ಹೋಗಿ ಬಂದೆ ಎಂದರೆ ಜನ ಕೇಳುವುದು ಟ್ಯೂಲಿಪ್ ಹೂವಿನ ತೋಟ ನೋಡಿದಿರಾ, ಗಾಳಿಯಂತ್ರ ನೋಡಿದಿರಾ ಎಂದು. ಎರಡನ್ನೂ ನೋಡಲಿಲ್ಲ. ನಾನು ಹೋದದ್ದು ಹೂವಿನ ಕಾಲವಲ್ಲ. ರೈಲಿನ ಕಿಟಕಿಯಿಂದ ದೂರದಲ್ಲಿ ಗಾಳಿಯಂತ್ರದಂಥದ್ದು ಒಂದು ಕಂಡಿತು, ಅದು ನೀರಿನ ಟ್ಯಾಂಕೂ ಇದ್ದಿರಬಹುದು. ಅಷ್ಟು ದೂರ ಹೋದದ್ದು ತಿಂಡಿ ತಟ್ಟೆಯಷ್ಟು ಅಗಲದ ಒಂದು ಕರಿ ಗ್ರಾಮಾಫೋನ್ ಪ್ಲೇಟಿಗಾಗಿ. ಅದರಲ್ಲಿ ನನ್ನ ಅಕ್ಕನ ದನಿ ಇತ್ತು.

ಅಕ್ಕ ಎಂದರೆ ಗಂಗಮ್ಮ, ನನಗೆ ಗಂಗಕ್ಕ. ದಂಡಿನಶಿವರದಲ್ಲಿ ಮಗಳು ಸುಮಳ ಜೊತೆ ಇದ್ದಾಳೆ. ಕಳೆದ ವರ್ಷ ಅವಳ ಗಂಟಲಲ್ಲಿ ಗಡ್ಡೆ ಕಾಣಿಸಿಕೊಂಡು ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಪೂರ್ತಿ ಹೋಯಿತು. ಆಪರೇಷನ್ನಿಗೆ ಕರೆದೊಯ್ಯುವ ಬೆಳಿಗ್ಗೆ ಅವಳು ನನ್ನ ಕೈ ಹಿಡಿದುಕೊಂಡು ಹೇಳಿದಳು: “ಸರೂ, ಮಾತು ಹೋದ್ರೆ ಹೋಗ್ಲಿ ಬುಡು, ಕೈಸನ್ನೆ ಐತೆ. ಆದ್ರೆ ನನ್ ದನಿ ಹೆಂಗಿತ್ತು ಅಂತ ನಂಗೇ ಮರ್ತೋಗುತ್ತೆ ಕಣೇ.” ಅವಳ ಬಾಯಿಂದ ನಾನು ಕೇಳಿದ ಕೊನೆಯ ಮಾತು ಅದು.

ಮನೆಗೆ ಬಂದ ಮೇಲೆ ಸುಮ ಮತ್ತು ನಾನು ಹುಡುಕಿದೆವು. ಅಕ್ಕ ಬಟನ್ ಫೋನಿನವಳು, ಅದರಲ್ಲಿ ಏನೂ ಉಳಿದಿರಲಿಲ್ಲ. ಮದುವೆಗಳ ವಿಡಿಯೋ ಹಾಕಿ ನೋಡಿದೆವು. ಅಕ್ಕ ಎಲ್ಲದರಲ್ಲೂ ಇದ್ದಾಳೆ, ನಗುತ್ತಾಳೆ, ಯಾರನ್ನೋ ಕೂಗುತ್ತಾಳೆ, ಆರತಿ ಎತ್ತಿ ಹಾಡುತ್ತಾಳೆ. ಆದರೆ ವಿಡಿಯೋದವನು ಜನರ ಸದ್ದನ್ನೆಲ್ಲ ತೆಗೆದು ಸಿನಿಮಾ ಹಾಡು ತುಂಬಿದ್ದ. ಊರಿನ ಎಲ್ಲ ಮದುವೆಗೂ ಅವನು ಹಾಗೇ ಮಾಡಿದ್ದಾನೆ. ನನಗೆ ಬಂದ ಸಿಟ್ಟಿಗೆ ಅವನು ಎದುರಿಗೆ ಸಿಕ್ಕಿದ್ದರೆ ಕಪಾಳಕ್ಕೆ ಬಾರಿಸುತ್ತಿದ್ದೆ.

ಆಗ ನೆನಪಾದದ್ದು ‘ಗರಿ’. ನಾನು ಹೈಸ್ಕೂಲಿನಲ್ಲಿದ್ದಾಗ ತಿಪಟೂರಿನಲ್ಲಿ ಚನ್ನಬಸಣ್ಣ ಎಂಬುವವರು ಕೊಬ್ಬರಿ ಮಂಡಿ ಇಟ್ಟಿದ್ದರು. ಅವರಿಗೆ ಹಾಡಿನ ಹುಚ್ಚು. ದೊಡ್ಡ ಕಂಪನಿಗಳು ನಮ್ಮ ಕಡೆಯವರ ಹಾಡನ್ನು ಕಣ್ಣೆತ್ತಿಯೂ ನೋಡುವುದಿಲ್ಲ, ನಾವೇ ಪ್ಲೇಟು ಮಾಡಿಕೊಳ್ಳೋಣ ಎಂದು ಗರಿ ಅನ್ನುವ ಹೆಸರಿನಲ್ಲಿ ಸಣ್ಣ ಪ್ಲೇಟುಗಳನ್ನು ತಂದರು. ಒಂದು ಮಗ್ಗುಲಿಗೆ ಒಂದು ಹಾಡು, ಅಷ್ಟೇ. ಹೊನ್ನವಳ್ಳಿಯ ಭಜನೆಯವರು, ಹಂದನಕೆರೆಯ ಕೋಲಾಟದವರು, ನಮ್ಮೂರಿನ ಸೋಬಾನೆ ಹೆಂಗಸರು ಎಲ್ಲರೂ ಅವರ ಪ್ಲೇಟಿನಲ್ಲಿ ಹಾಡಿದರು. ನಮ್ಮೂರಿನವರಲ್ಲಿ ಅಕ್ಕ ಮುಂದೆ ಹೇಳಿದಳು, ಹಿಂದೆ ಸೊಲ್ಲು ಎತ್ತಿಕೊಂಡವರಲ್ಲಿ ನಾನೂ ಒಬ್ಬಳು. ಮಂಡಿಯ ಹಿಂದಿನ ಕೋಣೆಯೇ ಸ್ಟುಡಿಯೋ. ಹರಾಜಿಲ್ಲದ ದಿನ ನೋಡಿ, ಸುತ್ತಲೂ ಕೊಬ್ಬರಿ ಚೀಲಗಳನ್ನು ಸೂರಿನ ತನಕ ಪೇರಿಸಿ, ಬಾಗಿಲಿಗೆ ಖಾಲಿ ಗೋಣಿ ಇಳಿಬಿಟ್ಟು, ಸ್ಪೂಲ್ ಟೇಪಿನಲ್ಲಿ ಹಾಡು ಹಿಡಿಯುತ್ತಿದ್ದರು. ಅದನ್ನು ಪಟ್ಟಣಕ್ಕೆ ಕಳಿಸಿ ಪ್ಲೇಟು ಒತ್ತಿಸಿ ತರುತ್ತಿದ್ದರು. ನಡುವಿನ ದುಂಡು ಕಾಗದ ಮಾತ್ರ ತಿಪಟೂರಿನ ಲಗ್ನಪತ್ರಿಕೆ ಪ್ರೆಸ್ಸಿನಲ್ಲೇ ಅಚ್ಚಾಗುತ್ತಿತ್ತು, ಹಳದಿ ಕಾಗದದ ಮೇಲೆ ಕೆಂಪು ಅಕ್ಷರ, ಒಂದು ತೆಂಗಿನ ಗರಿಯ ಚಿತ್ರ.

ಆ ಪ್ಲೇಟುಗಳು ಬಂದ ಹೊಸದರಲ್ಲಿ ನಮಗಾದ ಹೆಮ್ಮೆಯನ್ನು ಈಗಿನವರಿಗೆ ಹೇಗೆ ಹೇಳುವುದೋ ತಿಳಿಯದು. ಮೈಕ್‌ಸೆಟ್ಟಿನವರು ಹಾರನ್ನನ್ನು ತೆಂಗಿನ ಮರದ ತುದಿಗೆ ಕಟ್ಟಿ ಪ್ಲೇಟು ಹಾಕಿದರೆ ಅಕ್ಕನ ದನಿ ಕೆರೆಯಾಚೆಯ ಹಳ್ಳಿಗೂ ಕೇಳುತ್ತಿತ್ತು. ದನ ಹೊಡೆದುಕೊಂಡು ಬರುವವರು ನಿಂತು, “ನಮ್ ಗಂಗನ್ ದನಿ ಅಲ್ವೇನ್ಲಾ ಅದು” ಎಂದು ಕೇಳುತ್ತಿದ್ದರು. ಆಮೇಲೆ ಕ್ಯಾಸೆಟ್ ಬಂತು. ಚನ್ನಬಸಣ್ಣನವರು ತೀರಿಕೊಂಡರು, ಗರಿಯೂ ಮುಚ್ಚಿಹೋಯಿತು.

ಅಕ್ಕನ ಪ್ಲೇಟಿಗಾಗಿ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ಕಡೆ ಹಳೆಯ ಮೈಕ್‌ಸೆಟ್ ಅಂಗಡಿಗಳನ್ನು ಸುತ್ತಿದೆ. ಒಂದು ಕಡೆ ಗರಿ ಪ್ಲೇಟಿಗೆ ಮುಳ್ಳು ಜೋಡಿಸಿ ಗೋಡೆ ಗಡಿಯಾರ ಮಾಡಿದ್ದರು. ಇನ್ನೊಂದು ಕಡೆ ಹಿಟ್ಟಿನ ಡಬ್ಬಕ್ಕೆ ಮುಚ್ಚಿದ್ದರು. ಭಜನೆಯವರ ಪ್ಲೇಟು ಒಂದೆರಡು ಸಿಕ್ಕವು, ನುಡಿಯಲಿಲ್ಲ. ಅಕ್ಕನದು ಎಲ್ಲೂ ಇರಲಿಲ್ಲ. ಕೊನೆಗೆ ಸುಮ ತನ್ನ ಫೋನಿನಲ್ಲಿ ಹುಡುಕಿ ಹುಡುಕಿ ಒಂದು ಚಿತ್ರ ತೆಗೆದಳು. ಹಾಲೆಂಡಿನ ಡೆವೆಂಟರ್ ಎಂಬ ಊರಿನ ಹೆಂಕ್ ಎಂಬ ಮುದುಕ ತನ್ನ ಗೋಡೆಯ ಪ್ಲೇಟುಗಳನ್ನು ತೋರಿಸಿದ್ದ ಫೋಟೋ. ಅದರ ಮೂಲೆಯಲ್ಲಿ ಹಳದಿ ಕಾಗದ, ಕೆಂಪು ಅಕ್ಷರ, ‘ಸೋಬಾನೆ: ಗಂಗಮ್ಮ ಮತ್ತು ಸಂಗಡಿಗರು’.

ಬರೆದು ಕೇಳಿದೆ. ಉತ್ತರ ಬಂತು. ಮಾರುವುದಿಲ್ಲ, ಅಂಚೆಯಲ್ಲಿ ಕಳಿಸುವುದಿಲ್ಲ, ಅಲ್ಲದೆ ಅದು ನುಡಿಯುವುದೂ ಇಲ್ಲ, ಬೂಷ್ಟು ಹಿಡಿದಿದೆ, ಕ್ಷಮಿಸಿ ಎಂದಿದ್ದರು. ನಾನು ಬರುತ್ತೇನೆ ಎಂದು ಬರೆದೆ.

ನಮ್ಮ ಯಜಮಾನರು ಕಾಫಿ ಲೋಟ ಕೆಳಗಿಟ್ಟು ಕೇಳಿದರು. “ನುಡಿಯದ ಪ್ಲೇಟಿಗೆ ವಿಮಾನ ಹತ್ತೀಯಾ?”

“ಹತ್ತೀನಿ,” ಎಂದೆ.

“ಅಲ್ಲಿ ಹೋಗಿ ಏನ್ ಮಾಡ್ತೀಯಾ?”

“ನೋಡ್ತೀನಿ.”

ಅಕ್ಕನೂ ಕೈಯಾಡಿಸಿ ಬೇಡ ಎಂದಳು. ಆದರೆ ಬೇಡ ಎನ್ನುವಾಗ ಅವಳ ಕಣ್ಣು ಆ ಫೋಟೋ ಬಿಟ್ಟು ಕದಲಲಿಲ್ಲ. ನನಗೆ ಅಷ್ಟು ಸಾಕಾಯಿತು. ಮೂವತ್ತಕ್ಕೂ ಹೆಚ್ಚು ವರ್ಷ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿ, ಭೂಪಟದಲ್ಲಿ ಹಾಲೆಂಡನ್ನು ಕೋಲಿನಿಂದ ತೋರಿಸಿ ಮಕ್ಕಳನ್ನು ಗದರಿಸಿದವಳು ನಾನು. ಒಬ್ಬಳೇ ಹೋಗಿ ಬರಲಾರೆನೇ ಎಂಬ ಹಟವೂ ಸೇರಿಕೊಂಡಿತು.

ಮಾತಾಡಬಾರದ ಬೋಗಿ

ವಿಮಾನ ಇಳಿದು ರೈಲು ಹತ್ತಿದೆ. ಬೋಗಿ ಸ್ವಚ್ಛವಾಗಿತ್ತು, ಅರ್ಧ ಖಾಲಿ ಇತ್ತು, ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಒಳ್ಳೆಯ ಜಾಗ ಸಿಕ್ಕಿತು ಎಂದು ಕಿಟಕಿಯ ಪಕ್ಕ ಕೂತು ಕೊಬ್ಬರಿ ಮಿಠಾಯಿ ಪೊಟ್ಟಣ ಬಿಚ್ಚಿದೆ. ಆ ಪೊಟ್ಟಣ ಬಿಚ್ಚಿದ ಸದ್ದಿಗೇ ಎದುರಿನವರು ತಲೆ ಎತ್ತಿದರು.

ಅಷ್ಟರಲ್ಲಿ ಸುಮಳ ಫೋನು. ನನ್ನ ಫೋನಿನ ಸ್ಪೀಕರ್ ಯಾವಾಗ ಆನ್ ಆಗಿರುತ್ತದೋ ನನಗೇ ತಿಳಿಯದು. “ಚಿಕ್ಕಮ್ಮ, ತಲುಪಿದ್ರಾ? ಚಳಿ ಐತಾ? ಊಟ ಆಯ್ತಾ?” ದಂಡಿನಶಿವರದವರು ಫೋನಿನಲ್ಲಿ ಮಾತಾಡುವುದು ತೋಟದ ಆ ತುದಿಯಲ್ಲಿರುವವರನ್ನು ಕೂಗುವಂತೆ. ಬೋಗಿಗೆ ಬೋಗಿಯೇ ನನ್ನತ್ತ ತಿರುಗಿತು. ಒಬ್ಬಾತ ಎದ್ದು ಬಂದು, ಬೈಯದೆ, ನಗದೆ, ಕಿಟಕಿ ಗಾಜಿನ ಮೇಲಿದ್ದ ಒಂದು ಪದದ ಮೇಲೆ ಬೆರಳಿಟ್ಟು ತೋರಿಸಿ ಹಿಂತಿರುಗಿ ಹೋಗಿ ಕೂತ. ಅದು ಮೌನದ ಬೋಗಿಯಂತೆ. ಮಾತಾಡಲು ಇಷ್ಟವಿಲ್ಲದವರು ಕೂರುವ ಜಾಗ.

ಫೋನು ಆರಿಸಿ ಸುಮ್ಮನೆ ಕೂತೆ. ನಮ್ಮೂರಿನ ಬಸ್ಸಿನಲ್ಲಿ ಇಂಥದ್ದೊಂದು ಮೂಲೆ ಮಾಡಿದರೆ ಅಲ್ಲಿ ಕಂಡಕ್ಟರೂ ಬಂದು ನಿಲ್ಲುವುದಿಲ್ಲ. ತಿಪಟೂರಿನಿಂದ ತುರುವೇಕೆರೆಗೆ ಹೋಗುವಷ್ಟರಲ್ಲಿ ಪಕ್ಕದವರ ಮಗಳಿಗೆ ಗಂಡು ನೋಡಿ ಮುಗಿಸಿರುತ್ತೇವೆ. ಮೊದಲು ನಗು ಬಂತು. ಆಮೇಲೆ, ಗಂಟಲು ನೆಟ್ಟಗಿರುವ ಇಷ್ಟು ಜನ ಬೇಕೆಂದೇ ಬಾಯಿ ಮುಚ್ಚಿಕೊಂಡು ಕೂತಿರುವುದನ್ನು ನೋಡಿ ಅಕ್ಕ ನೆನಪಾಗಿ ಹೊಟ್ಟೆ ಉರಿಯಿತು. ಇಳಿಯುವವರೆಗೂ ಮಿಠಾಯಿ ಬಾಯಲ್ಲಿಟ್ಟುಕೊಂಡು ಕಡಿಯದೆ ಚೀಪಿದೆ.

ಮಾರಿಕೆಯ ಮನೆ

ಡೆವೆಂಟರ್ ನದಿ ದಂಡೆಯ ಊರು. ಇಟ್ಟಿಗೆಯ ಮನೆಗಳು, ಇಟ್ಟಿಗೆಯ ಬೀದಿಗಳು. ಕಿಟಕಿಗಳಿಗೆ ಪರದೆ ಎಳೆಯುವುದಿಲ್ಲ, ದಾರಿಯಲ್ಲಿ ಹೋಗುವವರಿಗೆ ಅವರ ಸೋಫಾ, ಬೆಕ್ಕು, ಊಟದ ಮೇಜು ಎಲ್ಲ ಕಾಣುತ್ತದೆ. ಆದರೆ ಯಾರೂ ಇಣುಕಿ ನೋಡುವುದಿಲ್ಲ. ನಾನೊಬ್ಬಳೇ ನೋಡಿದೆ. ನೋಡುತ್ತಾ ಕೆಂಪು ಬಣ್ಣದ ದಾರಿಯಲ್ಲಿ ನಿಂತುಬಿಟ್ಟಿದ್ದೆ. ಅದು ಸೈಕಲ್ಲಿನವರ ದಾರಿ. ನನಗಿಂತ ಹಿರಿಯಳಾದ ಒಬ್ಬ ಅಜ್ಜಿ ಗಂಟೆ ಬಾರಿಸುತ್ತಾ ಬಂದು ಬ್ರೇಕು ಹಾಕದೆ ನನ್ನ ಸೆರಗು ಸವರಿಕೊಂಡು ಹೋದಳು.

ನಾನು ಇಳಿದುಕೊಂಡದ್ದು ಮಾರಿಕೆ ಎಂಬ ಹೆಂಗಸಿನ ಮನೆಯ ಮೇಲಿನ ಕೋಣೆಯಲ್ಲಿ. ಒಳ್ಳೆಯವಳು, ಆದರೆ ಮನೆ ಬೆಚ್ಚಗಿಡುವ ವಿಷಯದಲ್ಲಿ ಕಟ್ಟುನಿಟ್ಟು. ಚಳಿ ಎಂದರೆ ಇನ್ನೊಂದು ಸ್ವೆಟರ್ ತಂದುಕೊಡುತ್ತಾಳೆ, ಬಿಸಿ ಹೆಚ್ಚಿಸುವುದಿಲ್ಲ. ಬೆಳಿಗ್ಗೆ ತಲೆಗೆ ಹಚ್ಚಲು ತೆಗೆದರೆ ನನ್ನ ಕೊಬ್ಬರಿ ಎಣ್ಣೆ ಬಾಟಲಿಯಲ್ಲಿ ಕಲ್ಲಾಗಿತ್ತು. ನಮ್ಮಲ್ಲಿ ಮಾಗಿಯ ಚಳಿಗೆ ಹೀಗಾದರೆ ಬಾಟಲಿಯನ್ನು ಬಿಸಿಲಿಗೆ ಇಡುತ್ತೇವೆ. ಇಲ್ಲಿ ಬಿಸಿಲೆಲ್ಲಿಂದ ತರುವುದು. ಗೋಡೆಯ ಬಿಸಿ ಕೊಳವೆಯ ಮೇಲಿಟ್ಟು, ಮುಚ್ಚಳ ಬಿಗಿ ಮಾಡದೆ, ತಿಂಡಿಗೆ ಕೆಳಗೆ ಹೋದೆ. ತಿಂಡಿ ಎಂದರೆ ಬ್ರೆಡ್ಡಿಗೆ ಬೆಣ್ಣೆ ಸವರಿ ಮೇಲೆ ಚಾಕಲೇಟಿನ ಸಣ್ಣ ಸಣ್ಣ ಕಡ್ಡಿ ಉದುರಿಸಿದ್ದು, ದೊಡ್ಡವರೂ ಅದನ್ನೇ ತಿನ್ನುತ್ತಾರೆ. ವಾಪಸು ಬರುವಷ್ಟರಲ್ಲಿ ಬಾಟಲಿ ಉರುಳಿ ಮಾರಿಕೆಯ ಜಮಖಾನೆಯ ಮೇಲೆ ಒಂದು ಕೆರೆಯಾಗಿತ್ತು.

ಮಾರಿಕೆ ಏನೂ ಅನ್ನಲಿಲ್ಲ. ನನಗೆ ಅದೇ ಹೆಚ್ಚು ನೋವು. ನಮ್ಮಲ್ಲಿ ಒಂದು ಸಲ ಬೈದು ಮುಗಿಸಿಬಿಡುತ್ತಾರೆ. ಚೀಲದಲ್ಲಿ ತಲೆ ಸ್ನಾನಕ್ಕೆಂದು ಅಂಟುವಾಳದ ಕಾಯಿ ತಂದಿದ್ದೆ. ನೆನೆಸಿ, ಹಿಸುಕಿ, ನೊರೆ ತೆಗೆದು, ಕೂತು ಉಜ್ಜಿದೆ. ಜಿಡ್ಡು ಪೂರ್ತಿ ಬಿಟ್ಟಿತು. ಮಾರಿಕೆ ಬಗ್ಗಿ ಮೂಸಿ ನೋಡಿ, ಆ ಕಾಯಿಯನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿ, ಒಂದೆರಡು ತನಗೂ ಬೇಕೆಂದಳು.

ಅವತ್ತು ಅವಳ ಹುಟ್ಟುಹಬ್ಬ. ಬಂದವರೆಲ್ಲ ದುಂಡಗೆ ಕುರ್ಚಿ ಹಾಕಿಕೊಂಡು ಕೂತರು. ಅವಳಿಗೆ ಮಾತ್ರವಲ್ಲ, ಅವಳ ತಂಗಿಗೆ, ತಂಗಿಯ ಗಂಡನಿಗೆ, ಅವರ ಮಗಳಿಗೆ ಎಲ್ಲರಿಗೂ ಕೈ ಕುಲುಕಿ ಅಭಿನಂದನೆ ಹೇಳಿದರು. ನಿನ್ನೆ ಬಂದ ನನಗೂ ಹೇಳಿದರು. ಇದು ನನಗೆ ಬಹಳ ಹಿಡಿಸಿತು. ಒಬ್ಬರು ಹುಟ್ಟಿದ್ದು ಎಲ್ಲರ ಭಾಗ್ಯವೆಂಬಂತೆ ಹೇಳುವುದು ಸರಿಯಾಗಿಯೇ ಇದೆ. ಆಮೇಲೆ ಬಿಸ್ಕತ್ತಿನ ಡಬ್ಬ ಬಂತು. ತಲೆಗೊಂದು ತೆಗೆದುಕೊಂಡ ಮೇಲೆ ಮಾರಿಕೆ ಮುಚ್ಚಳ ಹಾಕಿ ಒಳಗಿಟ್ಟಳು. ನಮ್ಮಲ್ಲಾದರೆ ಬೇಡ ಬೇಡ ಎಂದರೂ ಎಲೆಗೆ ಸುರಿದು ಬೈಸಿಕೊಳ್ಳುತ್ತೇವೆ. ನಾನು ಊರಿನ ಕೊಬ್ಬರಿ ಮಿಠಾಯಿ ಪೊಟ್ಟಣ ಬಿಚ್ಚಿ ಇಟ್ಟೆ. ಎಲ್ಲರೂ ಒಂದೊಂದೇ ತೆಗೆದುಕೊಂಡು, ಇನ್ನೊಂದು ಸಿಗುತ್ತದೇನೋ ಎಂದು ಪೊಟ್ಟಣವನ್ನೇ ನೋಡುತ್ತಾ ಕೂತರು.

ಹೆಂಕರ ಗೋಡೆ

ಅವತ್ತೇ ಮಧ್ಯಾಹ್ನ ಹೆಂಕರಲ್ಲಿಗೆ ಹೋದೆ. ಅವರ ಅಂಗಡಿ ಮನೆಯ ಮುಂದಿನ ಕೋಣೆಯೇ. ಎತ್ತರದ ಮನುಷ್ಯ, ಎಪ್ಪತ್ತು ದಾಟಿದೆ, ಬಾಗಿಲು ದಾಟುವಾಗೆಲ್ಲ ತಲೆ ಬಗ್ಗಿಸುತ್ತಾರೆ. ಮೂರು ಗೋಡೆಯ ಪ್ಲೇಟುಗಳು ಮಾರಾಟಕ್ಕೆ. ನಾಲ್ಕನೆಯದು ಮಾರುವುದಿಲ್ಲ. ಅಲ್ಲಿರುವುದೆಲ್ಲ ಸಣ್ಣ ಸಣ್ಣ ಕಂಪನಿಗಳ ಸಣ್ಣ ಪ್ಲೇಟುಗಳು, ಹೆಸರೂ ಉಳಿಯದೆ ಮುಚ್ಚಿಹೋದವು. ಪ್ರಾಯದಲ್ಲಿ ಅವರೂ ಗೆಳೆಯರೂ ಸೇರಿ ಒಂದು ಕಂಪನಿ ಮಾಡಿದ್ದರಂತೆ. ಅದರ ಹೆಸರಿನ ಅರ್ಥ ಹಿತ್ತಲು ಎಂದು. ಚಿಕ್ಕಪ್ಪನ ಹಾಸಿಗೆ ಅಂಗಡಿಯಲ್ಲಿ ಅಂಗಡಿ ಮುಚ್ಚಿದ ಮೇಲೆ ಹಾಸಿಗೆಗಳನ್ನು ಗೋಡೆಗೆ ನಿಲ್ಲಿಸಿ ಹಾಡು ಹಿಡಿಯುತ್ತಿದ್ದರು, ಸೈಕಲ್ಲಿನಲ್ಲಿ ಊರೂರು ಸುತ್ತಿ ಮಾರುತ್ತಿದ್ದರು.

“ನಾವು ಕೊಬ್ಬರಿ ಚೀಲ ಇಡುತ್ತಿದ್ದೆವು,” ಎಂದೆ. ಅವರು ಮೊದಲ ಸಲ ನಕ್ಕರು. ಹಾಸಿಗೆಯ ಕೋಣೆಯಲ್ಲಿ ಕೆಳಗಿನ ಸ್ವರ ಸರಿಯಾಗಿ ಬರುತ್ತಿರಲಿಲ್ಲ, ಕೊಬ್ಬರಿ ಚೀಲದಲ್ಲಿ ಹೇಗೆ ಎಂದು ಗಂಭೀರವಾಗಿ ಕೇಳಿದರು. ನನಗೇನು ಗೊತ್ತು. ನಮಗೆ ಅಲ್ಲಿ ಹಸಿವಾಗುತ್ತಿತ್ತು ಎಂದೆ.

ಪ್ಲೇಟು ಅವರ ಕೈಗೆ ಬಂದದ್ದು ದೆಹಲಿಯ ಫುಟ್‌ಪಾತಿನಿಂದ, ಬಹಳ ಹಿಂದೆ ಸುತ್ತಾಡಲು ಹೋಗಿದ್ದಾಗ. ದೆಹಲಿಗೆ ಹೇಗೆ ಹೋಯಿತೆಂದು ನನಗೆ ಗೊತ್ತಿತ್ತು. ಉತ್ತರದ ಕಡೆಗೆ ಹೋಗುವ ಕೊಬ್ಬರಿ ಲೋಡಿನ ಜೊತೆ ಚನ್ನಬಸಣ್ಣನವರು ವ್ಯಾಪಾರಿಗಳಿಗೆ ಒಂದೊಂದು ಪ್ಲೇಟು ಬಳುವಳಿ ಕಳಿಸುತ್ತಿದ್ದರು. ಭಾಷೆ ತಿಳಿಯದ ಸೇಟುಗಳು ಸೋಬಾನೆ ಕೇಳಿ ಏನು ಮಾಡಿಕೊಂಡರೋ ದೇವರೇ ಬಲ್ಲ.

ಹೆಂಕ್ ಪ್ಲೇಟನ್ನು ಎರಡೂ ಅಂಗೈಗಳ ಅಂಚಿನಲ್ಲಿ ಹಿಡಿದು ತಂದು ಮೇಜಿನ ಮೇಲಿಟ್ಟರು. ಹಳದಿ ಕಾಗದ ಮಾಸಿರಲಿಲ್ಲ. ಅಕ್ಕನ ಹೆಸರನ್ನು ಬೆರಳಿನಿಂದ ಮುಟ್ಟಿದೆ. ಕರಿ ಭಾಗದ ಮೇಲೆಲ್ಲ ಬೆಳ್ಳಗೆ ಮಂಜು ಕವಿದಂತೆ ಒಂದು ಪೊರೆ.

“ಬೂಷ್ಟು,” ಎಂದರು ಹೆಂಕ್. “ಮುಳ್ಳು ಇಟ್ಟರೆ ಜಾರಿ ನಡುವಿಗೆ ಓಡುತ್ತದೆ.”

ನಾನು ಬಗ್ಗಿ ಮೂಸಿದೆ. ಬಗ್ಗಿದವಳು ಹಾಗೇ ಸ್ವಲ್ಪ ಹೊತ್ತು ಇದ್ದೆ. ಆ ವಾಸನೆ ಬೂಷ್ಟಿನದಲ್ಲ. ಕಮಟು ಹಿಡಿದ ಕೊಬ್ಬರಿ ಎಣ್ಣೆ. ಬೆಳಿಗ್ಗೆ ನನ್ನ ಬಾಟಲಿಯಲ್ಲಿ ಕಲ್ಲಾಗಿದ್ದ ಅದೇ ವಸ್ತು, ಈ ಚಳಿ ಮನೆಯಲ್ಲಿ ಅಕ್ಕನ ಹಾಡಿನ ಮೇಲೆ ಗಟ್ಟಿಯಾಗಿ ಕೂತಿತ್ತು.

ಇದನ್ನು ಹಾಲೆಂಡಿನವರಿಗೆ ಹೇಗೆ ವಿವರಿಸುವುದು? ನಮ್ಮ ಕಡೆ ಹೊಸದಾಗಿ ಏನು ಬಂದರೂ ಕೊಬ್ಬರಿ ಎಣ್ಣೆ ಸವರುತ್ತೇವೆ. ಹೊಸ ಮಚ್ಚು, ಹೊಸ ಬೀಗ, ಹೊಸ ಬಾಗಿಲು, ಹುಟ್ಟಿದ ಕೂಸು, ಎಲ್ಲಕ್ಕೂ. ಮಿರುಗಲಿ, ಬಿರಿಯದಿರಲಿ, ನಮ್ಮದಾಗಲಿ ಎಂದು. ಚನ್ನಬಸಣ್ಣನವರು ಪ್ಲೇಟು ಕೊಡುವ ಮೊದಲು ತಾವೇ ಬಟ್ಟೆಗೆ ಎಣ್ಣೆ ಅದ್ದಿ ಎರಡೂ ಮಗ್ಗುಲು ಒರೆಸಿ ಮಿರಮಿರ ಮಾಡಿ ಕೊಡುತ್ತಿದ್ದದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಮನೆಗೆ ಬಂದ ಮೇಲೆ ನಮ್ಮವ್ವ ಶುಕ್ರವಾರ ದೇವರ ದೀಪಕ್ಕೆ ಎಣ್ಣೆ ಹಾಕಿ ಅದೇ ಕೈಯಲ್ಲಿ ಪ್ಲೇಟಿಗೂ ಸವರುತ್ತಿದ್ದಳು. ಎಣ್ಣೆಗೆ ಧೂಳು ಕೂತು, ಕೊಬ್ಬರಿ ಅಟ್ಟದ ಹೊಗೆ ಕೂತು, ಒಂದೊಂದೇ ಪ್ಲೇಟು ಮೂಕವಾಯಿತು. ಮುಳ್ಳು ಸರಿಯಿಲ್ಲ ಎಂದು ಮುಳ್ಳು ಬದಲಾಯಿಸುತ್ತಾ ಹೋದೆವು. ಗರಿಯನ್ನು ಕ್ಯಾಸೆಟ್ ಕೊಂದಿತೆಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇವೆ. ಅದಕ್ಕೂ ಮೊದಲೇ ನಾವೇ ಮುದ್ದು ಮಾಡಿ ಅದರ ಬಾಯಿ ಮುಚ್ಚಿಸಿದ್ದೆವು. ದುಃಖವೂ ನಗುವೂ ಒಟ್ಟಿಗೆ ಬಂದದ್ದು ನೋಡಿ ಹೆಂಕ್ ಓಡಿಹೋಗಿ ನೀರು ತಂದರು.

“ಇದನ್ನು ನಾನು ತೊಳೆಯುತ್ತೇನೆ,” ಎಂದೆ.

“ಇಲ್ಲ,” ಎಂದರು.

ಒಂದು ಕುರ್ಚಿ

ಹೆಂಕ್ ಒಳ್ಳೆಯವರು, ಆದರೆ ಅವರ ‘ಇಲ್ಲ’ಕ್ಕೆ ಸಂದು ಇರುವುದಿಲ್ಲ. ನಮ್ಮವರ ‘ಇಲ್ಲ’ದಲ್ಲಿ ‘ನೋಡೋಣ’ ಇರುತ್ತದೆ, ‘ಆಮೇಲೆ ಬನ್ನಿ’ ಇರುತ್ತದೆ. ಇವರದು ಬರಿ ಇಲ್ಲ. ಅವರ ಹಿತ್ತಲು ಕಂಪನಿಯ ಮೊದಲ ಪ್ಲೇಟಿನ ಕೊನೆಯ ಪ್ರತಿಯನ್ನು ಅವರೇ ಬಿಸಿನೀರಿನಲ್ಲಿ ತೊಳೆದು ಹಪ್ಪಳದಂತೆ ಸೊಟ್ಟ ಮಾಡಿಕೊಂಡಿದ್ದರಂತೆ. ಅಂದಿನಿಂದ ಆ ಗೋಡೆಯ ಯಾವ ಪ್ಲೇಟಿಗೂ ನೀರು ಸೋಕಿಲ್ಲ.

ನಾನು ಕುರ್ಚಿ ಬಿಟ್ಟು ಏಳಲಿಲ್ಲ. ಗಿರಾಕಿಗಳು ಬಂದರು, ಹೋದರು. ಹೆಂಕ್ ಕಾಫಿ ಕೊಟ್ಟರು, ಜೊತೆಗೆ ಒಂದು ಬಿಸ್ಕತ್ತು. ಕುಡಿದು ಮತ್ತೆ ಕೂತೆ. ಅಕ್ಕನ ಗಂಟಲಿನ ಸಂಗತಿಯನ್ನು ನಾನು ಅಲ್ಲಿಯವರೆಗೆ ಹೇಳಿರಲಿಲ್ಲ. ಕನಿಕರಕ್ಕೆ ಕೊಡುವುದು ಬೇಡ ಎಂದಿತ್ತು. ಈಗ ಹೇಳಿದೆ. ಅವಳು ಕೈ ಹಿಡಿದು ಹೇಳಿದ ಮಾತನ್ನೂ ಇಂಗ್ಲಿಷಿನಲ್ಲಿ ನನಗೆ ಬಂದ ಹಾಗೆ ಹೇಳಿದೆ. ಅವರು ಪ್ಲೇಟನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು.

“ಹಾಳಾದರೆ?” ಎಂದರು.

“ಈಗ ಮಾತ್ರ ಚೆನ್ನಾಗಿದೆಯೇ?” ಎಂದೆ.

ಹೆಂಕ್ ಎದ್ದರು. ಮೂಲೆಯ ಪೆಟ್ಟಿಗೆಯಿಂದ ಯಾರಿಗೂ ಬೇಡದ ಒಂದು ಸಣ್ಣ ಪ್ಲೇಟು ತೆಗೆದುಕೊಟ್ಟು, ಮೊದಲು ಇದಕ್ಕೆ ನಿಮ್ಮ ಎಣ್ಣೆ ಹಚ್ಚಿ, ನಾಳೆ ತೊಳೆದು ತೋರಿಸಿ ಎಂದರು. ಮಾರಿಕೆಯ ಮನೆಗೆ ಹೋಗಿ ಬಾಟಲಿಯ ತಳದಲ್ಲಿ ಉಳಿದಿದ್ದ ಎಣ್ಣೆ ತಂದು, ಆ ಹಾಲೆಂಡಿನ ಪ್ಲೇಟಿಗೆ ಚನ್ನಬಸಣ್ಣನವರ ಹಾಗೆಯೇ ಬಟ್ಟೆ ಅದ್ದಿ, ಎರಡೂ ಮಗ್ಗುಲು, ಅಂಚಿನಿಂದ ಒಳಗೆ ಸವರಿದೆ. ಹೆಂಕ್ ಕೆಟ್ಟದ್ದೇನನ್ನೋ ನೋಡುವವರ ಹಾಗೆ ಮುಖ ಹಿಂಡಿಕೊಂಡು ನಿಂತಿದ್ದರು.

ಮರುದಿನ

ಬೆಳಿಗ್ಗೆ ಹೋದಾಗ ಆ ಪ್ಲೇಟಿನ ಮೇಲೂ ಬಿಳಿ ಪೊರೆ ಕೂತಿತ್ತು. ಹೆಂಕ್ ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ನನಗಿಂತ ಮೊದಲೇ ನೋಡುತ್ತಾ ಕೂತಿದ್ದರು. ನನಗೆ ಬೆಳಗಿನ ವಂದನೆ ಹೇಳುವುದನ್ನೂ ಮರೆತಿದ್ದರು.

ಅಂಟುವಾಳವನ್ನು ಹಿಂದಿನ ರಾತ್ರಿಯೇ ನೆನೆಹಾಕಿದ್ದೆ. ಹಿಸುಕಿ, ಸೋಸಿ, ಉಗುರುಬೆಚ್ಚಗಿನ ನೀರಿಗೆ ಬೆರೆಸಿದೆ. ಎಣ್ಣೆ ಕರಗಬೇಕು, ಆದರೆ ಪ್ಲೇಟಿಗೆ ಬಿಸಿ ತಾಗಬಾರದು. ಮೈಯ ಬಿಸಿಗೆ ಕರಗಲೆಂದು ಮೊದಲು ಹಾಲೆಂಡಿನ ಪ್ಲೇಟನ್ನು ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ಸ್ವೆಟರಿನೊಳಗೆ ಎದೆಗೆ ಅವುಚಿಕೊಂಡು ಕೂತೆ. ನೀರು ಯಾವ ಕಡೆಗೆ ಸವರಬೇಕು, ನಡುವಿನ ಕಾಗದ ನೆನೆಯದಂತೆ ಹೇಗೆ ಹಿಡಿಯಬೇಕು ಎಂಬುದು ಹೆಂಕರಿಗೆ ಗೊತ್ತಿತ್ತು. ಸಾಲುಗಳ ಗುಂಟ ದುಂಡಗೆ, ಅಡ್ಡಡ್ಡ ಅಲ್ಲ. ಅವರ ಮೃದುವಾದ ಕುಂಚ, ನಮ್ಮ ನೊರೆ. ಹಾಲೆಂಡಿನ ಪ್ಲೇಟು ತೊಳೆದು ಒಣಗಿಸಿ ಹಾಕಿದಾಗ ಯಾರೋ ಗಂಡಸು ಅಕಾರ್ಡಿಯನ್ ಜೊತೆ ಬೊಬ್ಬೆ ಹೊಡೆದ. ಹಾಡು ಕೆಟ್ಟದಾಗಿತ್ತು, ಸದ್ದು ಶುದ್ಧವಾಗಿತ್ತು. ಹೆಂಕ್ ಹಾಡು ಮುಗಿಯುವವರೆಗೂ ಕಾದು, ಮುಳ್ಳೆತ್ತಿಟ್ಟು, ಅಕ್ಕನ ಪ್ಲೇಟನ್ನು ತಂದು ನನ್ನ ಕೈಗೆ ಕೊಟ್ಟರು.

ಅದನ್ನೂ ಎದೆಗಿಟ್ಟುಕೊಂಡು ಕೂತೆ. ಹಾಳಾದರೆ ಊರಿಗೆ ಹೋಗಿ ಅಕ್ಕನಿಗೆ ಏನೆಂದು ಹೇಳುವುದು? ನಾನು ದೇವರನ್ನು ಅಷ್ಟಾಗಿ ಕಾಡುವವಳಲ್ಲ, ಅವತ್ತು ಕಾಡಿದೆ. ಹಳೆಯ ಎಣ್ಣೆ ಸುಲಭಕ್ಕೆ ಬಿಡಲಿಲ್ಲ. ಒಂದು ಸಲ ತೊಳೆದರೆ ನೊರೆ ಕಂದು ಬಣ್ಣಕ್ಕೆ ತಿರುಗಿತು. ಮತ್ತೆ ತೊಳೆದೆವು, ಮತ್ತೆ. ಮಧ್ಯಾಹ್ನದ ಹೊತ್ತಿಗೆ ಕರಿ ಬಣ್ಣ ಮೇಲೆ ಬಂತು, ಸಾಲುಗಳು ಎಣಿಸುವಷ್ಟು ಸ್ಪಷ್ಟವಾಗಿ ಕಂಡವು. ಹೆಂಕ್ ಅಂಗಡಿಯ ಬಾಗಿಲಿಗೆ ಚಿಲಕ ಹಾಕಿ ಬಂದರು.

ಮುಳ್ಳು ಕೂತಿತು. ಮೊದಲು ಒಗ್ಗರಣೆಯ ಸಿಡಿತ. ಆಮೇಲೆ ಯಾರೋ ಗಂಟಲು ಸರಿಮಾಡಿಕೊಂಡ ಸದ್ದು. ಆಮೇಲೆ ಅಕ್ಕ.

*ತೆಂಗಿನ ತೋಟದಾಗೆ ತಂಗಾಳಿ ಬಂದೈತೆ*
*ತಂಗ್ಯವ್ವ ಒಂದು ಗಳಿಗೆ ನಿಲ್ಲೆ*

ಇಪ್ಪತ್ತರ ಗಂಗಕ್ಕ. ಸ್ವಲ್ಪ ಒರಟು, ಮೇಲಿನ ಸ್ವರಕ್ಕೆ ಹೋಗುವಾಗ ಹೆದರಿಕೆಯೇ ಇಲ್ಲ. ನಾನೂ ಆ ದನಿಯನ್ನು ಮರೆತಿದ್ದೆ ಎಂದು ಕೇಳಿದಾಗಲೇ ಗೊತ್ತಾದದ್ದು. ಇಷ್ಟು ದಿನ ನೆನಪಿನಲ್ಲಿದ್ದದ್ದು ಮುದುಕಿ ಗಂಗಕ್ಕನ ದನಿ. ಅತ್ತುಬಿಟ್ಟೆ. ಹೆಂಕ್ ಕಾಗದದ ಕರವಸ್ತ್ರ ಮುಂದಕ್ಕೆ ತಳ್ಳಿ ಬೇರೆ ಕಡೆ ತಿರುಗಿ ನಿಂತರು.

ಹಾಡನ್ನು ಕಂಪ್ಯೂಟರಿಗೆ ಇಳಿಸಿಕೊಟ್ಟರು. ಪ್ಲೇಟನ್ನು ಕೇಳಿದೆ. ಮತ್ತೆ ಅದೇ ಸಂದಿಲ್ಲದ ಇಲ್ಲ. ಜಗಳಕ್ಕೆ ನಿಲ್ಲಬೇಕೆಂದಿದ್ದೆ, ಯೋಚಿಸಿ ಬಿಟ್ಟೆ. ಊರಿಗೆ ತಂದರೆ ಮೊದಲ ಶುಕ್ರವಾರವೇ ಯಾರಾದರೂ ಎಣ್ಣೆ ಸವರುತ್ತಾರೆ. ಗರಿಯ ಒಂದು ಪ್ಲೇಟಾದರೂ ಅವರ ಗೋಡೆಯ ಮೇಲೆ ಕ್ಷೇಮವಾಗಿರಲಿ. ತಿಪಟೂರಿನಲ್ಲಿ ನುಡಿಯದೆ ಬಿದ್ದಿರುವ ಭಜನೆಯವರ ಪ್ಲೇಟುಗಳಿಗೆ ಒಂದು ಗತಿ ಕಾಣಿಸುವುದು ನನ್ನ ಪಾಲಿಗಿರಲಿ ಎಂದುಕೊಂಡೆ.

ಊರಿಗೆ ವಿಡಿಯೋ ಕಾಲ್ ಮಾಡಿದೆ. ಅಲ್ಲಿ ದೀಪ ಹಚ್ಚುವ ಹೊತ್ತು. ಸುಮ ಫೋನು ಹಿಡಿದುಕೊಂಡು ಅಕ್ಕನ ಮುಂದೆ ಕೂತಳು. “ಅಮ್ಮ, ಚಿಕ್ಕಮ್ಮ ಏನೋ ಕೇಳಿಸ್ತಾರಂತೆ,” ಎಂದಳು.  ನಾನು ಹೆಂಕರಿಗೆ ಕಣ್ಸನ್ನೆ ಮಾಡಿದೆ, ಅವರು ಮುಳ್ಳು ಇಳಿಸಿದರು.

ಅಕ್ಕ ಮೊದಲು ಹುಬ್ಬು ಗಂಟಿಕ್ಕಿಕೊಂಡು ಕೇಳಿದಳು, ಯಾರಿದು ಎಂಬ ಹಾಗೆ.  ಎರಡನೆಯ ಸಾಲಿಗೆ ಅವಳ ಮುಖ ಸಡಿಲವಾಯಿತು. ಹಾಡು ಮುಗಿಯುವವರೆಗೂ ಅಲುಗಾಡಲಿಲ್ಲ. ಮುಗಿದ ಮೇಲೆ ಅಂಗೈಯಿಂದ ಎದೆ ಬಡಿದುಕೊಂಡಳು, ಒಂದು ಸಲ, ಎರಡು ಸಲ.

“ನಂದೇ ಅಂತಾವ್ರೆ ಚಿಕ್ಕಮ್ಮ,” ಎಂದಳು ಸುಮ.  “ಇನ್ನೊಂದ್ ಸಲ ಹಾಕ್ಬೇಕಂತೆ.”

ಎರಡನೆಯ ಸಲ ಅಕ್ಕನ ತುಟಿ ಆಡಿತು. ಆಪರೇಷನ್ ಆದ ಕಡೆ ಕಟ್ಟಿದ್ದ ಕುತ್ತಿಗೆಯ ಪಟ್ಟಿಯ ಮೇಲೆ ಒಂದು ಕೈ ಇಟ್ಟುಕೊಂಡು, ಸದ್ದಿಲ್ಲದೆ, ಅಕ್ಷರ ಅಕ್ಷರವನ್ನೂ ಬಿಡಿಸಿ ಹಾಡಿದಳು. ದನಿ ನನ್ನ ಪಕ್ಕದಲ್ಲಿತ್ತು, ತುಟಿ ದಂಡಿನಶಿವರದಲ್ಲಿತ್ತು. ಫೋನಿನಲ್ಲಿ ತಡವಾಗಿ ಬರುತ್ತಿದ್ದ ತುಟಿ ದನಿಯನ್ನು ಹಿಡಿಯಲು ಹಿಂದೆ ಹಿಂದೆ ಬರುತ್ತಿತ್ತು.

ಸೋಬಾನೆಯಲ್ಲಿ ಮುಂದಾಳು ಒಂದು ಸಾಲು ಹೇಳಿ ಕೈ ಎತ್ತುತ್ತಾಳೆ. ಕೈ ಎತ್ತಿದರೆ ಉಳಿದವರು ಅದೇ ಸಾಲನ್ನು ಎತ್ತಿಕೊಳ್ಳಬೇಕು. ಮಂಡಿಯ ಕೋಣೆಯಲ್ಲಿ ಹಾಗೆ ಎತ್ತಿಕೊಂಡವರು ನಾಲ್ವರು. ಅವರಲ್ಲಿ ಈಗ ಬದುಕಿರುವವಳು ನಾನೊಬ್ಬಳು. ಸಾಲು ಮುಗಿಯಿತು. ಪರದೆಯೊಳಗೆ ಅಕ್ಕ ಕುತ್ತಿಗೆಯ ಮೇಲಿದ್ದ ಕೈ ತೆಗೆದು, ನನ್ನನ್ನೇ ನೋಡುತ್ತಾ, ಮೇಲೆತ್ತಿದಳು.

ಹೆಂಕರ ಅಂಗಡಿಯ ನಡುವೆ ಎದ್ದು ನಿಂತು ನಾನು ಹಾಡಿದೆ.